ಕೈ ಒಳಗೆ, ಕೈ ಹೊರಗೆ

ಸಮನ್ವಿತಾಳ ಹಾಡುಗಳನ್ನು ಎಲ್ಲರೂ ಒಂದೇ ಮಾತಿನಲ್ಲಿ ಹೊಗಳುತ್ತಿದ್ದರು: ಎಷ್ಟು ಚೆನ್ನಾಗಿ ನಿದ್ದೆ ಬರುತ್ತೆ! ಒಂದು ಗಿಟಾರು, ಪಿಸುಗುಟ್ಟುವ ದನಿ. ಮಾಕಳಿಯ ಮನೆಯ ಮಹಡಿ ಕೋಣೆಯಲ್ಲಿ ಕದ ಹಾಕಿಕೊಂಡು, ಪಕ್ಕದ ಮನೆಗೆ ಕೇಳದಂತೆ ಹಾಡಿ ಹಾಡಿ ಪಳಗಿದ ದನಿ ಅದು. ಎರಡು ವರ್ಷದಲ್ಲಿ ಆರು ಹಾಡು ಇಂಟರ್ನೆಟ್ಟಿಗೆ ಬಿಟ್ಟಿದ್ದಳು. ಆರನೆಯದರ ಕೆಳಗೆ ಯಾರೋ, 'ನಮ್ಮ ಯಜಮಾನ್ರಿಗೆ ದಿನಾ ಇದೇ ಹಾಕೋದು, ಎರಡನೇ ಚರಣಕ್ಕೆ ಗೊರಕೆ' ಎಂದು ಬರೆದ ದಿನ ಅವಳಿಗೆ ರೇಗಿಹೋಯಿತು. ಏಳನೆಯ ಹಾಡು ಕೇಳಿದವರು ಎದ್ದು ಕೂರಬೇಕು.

ಅದು ಹೇಗಿರಬೇಕೆಂದೂ ಗೊತ್ತಿತ್ತು. ಪೀಣ್ಯದಲ್ಲಿ ತಗಡು ಒತ್ತುವ ಪವರ್ ಪ್ರೆಸ್ಸುಗಳ ಹಾಗೆ. ಕಾಲೇಜಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಮೂರು ವರ್ಷ ಕೇಳಿದ ಸದ್ದು. ಮಾತು, ರಾಗ ಎರಡೂ ಸಿದ್ಧವಿದ್ದವು. ಡ್ರಮ್ಮಿನ ಜಾಗಕ್ಕೆ ಆ ಪ್ರೆಸ್ಸು ಸಿಕ್ಕಿಬಿಟ್ಟರೆ ಮುಗಿಯಿತು. ಭಾನುವಾರ ಕುಂದಲಹಳ್ಳಿಯ ಕೆಫೆಯೊಂದರಲ್ಲಿ, ಜನರೆದುರು, ಅವಳ ಮೊಟ್ಟಮೊದಲ ಕಾರ್ಯಕ್ರಮ. ರೆಕಾರ್ಡಿಂಗ್ ನೋಡಿಕೊಳ್ಳುವ ಗೆಳೆಯ ಚಿನ್ಮಯ್ ಖಡಾಖಂಡಿತ ಹೇಳಿದ್ದ: "ಶುಕ್ರವಾರ ಸಂಜೆಯೊಳಗೆ ಹೊಸ ಹಾಡು ನನ್ ಕಿವಿಗೆ ಬೀಳ್ಬೇಕು. ಇಲ್ಲಾಂದ್ರೆ ಹಳೇ ಜೋಗುಳಾನೇ ಹಾಡ್ಕೋ ಗುರು."

ಅಪ್ಪನ ಸ್ನೇಹಿತ ದೇವರಾಜ್ ಅವರದು ಪೀಣ್ಯ ಎರಡನೇ ಹಂತದಲ್ಲಿ ಅಂಥ ಪ್ರೆಸ್ಸುಗಳಿದ್ದ ಒಂದು ಶೆಡ್ಡು. ಫೋನಿನಲ್ಲಿ ಮಾತಾಡಲು ಸಂಕೋಚವಾಗಿ ಮೆಸೇಜು ಹಾಕಿದಳು: 'ಅಂಕಲ್, ಶುಕ್ರವಾರ ಬಂದು ಪ್ರೆಸ್ ರೆಕಾರ್ಡ್ ಮಾಡ್ಕೊಳ್ಳಲಾ?' ಉತ್ತರ ತಕ್ಷಣ ಬಂತು: 'ಧಾರಾಳವಾಗಿ ಬಾಮ್ಮ. ಆಯುಧಪೂಜೆ, ಎಲ್ರೂ ಫ್ರೀ ಇರ್ತಾರೆ.'

ಮೈಕು ಹೆಗಲಿಗೇರಿಸಿಕೊಂಡು ಶೆಡ್ಡಿನೊಳಗೆ ಕಾಲಿಟ್ಟಾಗಲೇ ಅವಳಿಗೆ ತನ್ನ ಪೆದ್ದುತನ ಹೊಳೆದದ್ದು. ಒಳಗೆ ಸದ್ದೇ ಇಲ್ಲ. ಆರು ಪ್ರೆಸ್ಸುಗಳು ವಿಭೂತಿ, ಕುಂಕುಮ ಬಳಿದುಕೊಂಡು, ಚೆಂಡುಹೂವಿನ ಹಾರ ಹಾಕಿಕೊಂಡು, ಮದುಮಕ್ಕಳ ಹಾಗೆ ಸುಮ್ಮನೆ ನಿಂತಿದ್ದವು. ಅಪ್ಪ ಸರ್ಕಾರಿ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದವರು. ಮನೆಯವರನ್ನು ಒಳಗೆ ಬಿಡುತ್ತಿದ್ದುದು ಆಯುಧಪೂಜೆಯಂದು ಮಾತ್ರ. ಕಾರ್ಖಾನೆಗೆ ಹೋಗುವುದೆಂದರೆ ಪೂಜೆಯ ದಿನವೇ ಎಂಬುದು ಅವಳಿಗೆ ರಕ್ತಗತವಾಗಿತ್ತು. ಆ ದಿನ ಯಂತ್ರ ಓಡುವುದಿಲ್ಲವೆಂಬುದು ಹೊಳೆದೇ ಇರಲಿಲ್ಲ!

"ವಿಡಿಯೋ ತಾನೇನಮ್ಮ? ಅಲಂಕಾರ ಚೆನ್ನಾಗಿದೆ, ತಕ್ಕೋ" ಎಂದರು ದೇವರಾಜ್.

"ಸದ್ದು... ಸದ್ದು ಬೇಕಿತ್ತು ಅಂಕಲ್. ಒಂದೇ ಒಂದ್ ನಿಮಿಷ ಆನ್ ಮಾಡಕ್ಕೆ..."

"ಪೂಜೆ ಆದ್ಮೇಲೆ ಮುಟ್ಟಂಗಿಲ್ಲ ತಾಯಿ. ಇನ್ನು ಸೋಮವಾರಾನೇ."

ಅವಳ ಕಣ್ಣು ತುಂಬಿಬಂತು. ಮೂಲೆಯಲ್ಲಿ ಪುರಿ ಪೊಟ್ಟಣ ಬಿಚ್ಚುತ್ತಿದ್ದ ಗಂಗಪ್ಪ ತಲೆ ಎತ್ತಿದ. ಮೊದಲನೆಯ ಪ್ರೆಸ್ಸು ಅವನದು, ಇಪ್ಪತ್ತೆಂಟು ವರ್ಷದಿಂದ.

"ಸದ್ದಿಗ್ಯಾಕವ್ವ ಮಿಷಿನ್ನು? ನಾನಿಲ್ವಾ?" ಎಂದವನೇ ಎದ್ದು ನಿಂತು, ಇಲ್ಲದ ಪೆಡಲನ್ನು ತುಳಿದು ಬಾಯಲ್ಲಿ ಹೊಡೆದ: "ಧಡ್! ಸ್ಸುಯ್... ಟಿಣ್. ಧಡ್! ಸ್ಸುಯ್... ಟಿಣ್."

ಸಮನ್ವಿತಾಳ ಮೈ ಜುಂ ಎಂದಿತು. ಅಚ್ಚು ಬೀಳುವುದು, ಮೇಲೇರುವುದು, ಒತ್ತಿದ ಚೂರು ಡಬ್ಬಿಗೆ ಉದುರುವುದು, ಎಲ್ಲವೂ ಅದರಲ್ಲಿತ್ತು. ತಕ್ಷಣ ಮೈಕು ಆನ್ ಮಾಡಿದಳು.

"ನಿಂದೇನ್ ಮಹಾ" ಎಂದು ಶಶಿಕುಮಾರ್ ಮುಂದೆ ಬಂದ. ಅವನದು ತಗಡು ಕೊಯ್ಯುವ ಯಂತ್ರ. "ಕ್ರೀಂಯ್ಕ್! ಕ್ರೀಂಯ್ಕ್!"

"ಥೂ, ಬೆಕ್ಕಿನ ಬಾಲ ತುಳ್ದಂಗೈತೆ! ನಿನ್ ಮಿಷಿನ್ ಅಂಗೆ ಕೂಗಲ್ಲ ಕಣೋ."

"ಬ್ಲೇಡು ಮೊಂಡಾದ್ರೆ ಇಂಗೇ ಕೂಗೋದು. ನಿಂಗೆಲ್ಲಿ ಗೊತ್ತು?"

ಪ್ಯಾಕಿಂಗಿನ ಯಮುನಕ್ಕ ನಗು ತಡೆಯಲಾರದೆ, ಕೆನ್ನೆ ಉಬ್ಬಿಸಿ ಗಾಳಿ ಕಂಪ್ರೆಸರ್ ಆದಳು. "ಗುರ್ರ್ರ್ರ್... ಪುಸ್ಸ್!" ಜೊತೆಗೆ ಪುರಿ ಕವರನ್ನು ಜರ್ ಜರ್ ಅಲ್ಲಾಡಿಸಿದಳು. ಮೂವರೂ ಒಂದೇ ಓಟಕ್ಕೆ ಬಿದ್ದರು. ಪ್ರೆಸ್ಸಿನಲ್ಲಿ ಇಲ್ಲದ್ದೊಂದು ಇದರಲ್ಲಿತ್ತು: ಉಸಿರು. ಸಮನ್ವಿತಾ ಅದರ ಮೇಲೆ ತನ್ನ ಸಾಲು ಹಾಡಿದಳು.

ಗಂಗಪ್ಪ ಗಕ್ಕನೆ ನಿಲ್ಲಿಸಿದ. "ಅಂಗಲ್ಲ ಕಣವ್ವ. ನನ್ ಧಡ್ ಬೀಳೋವಾಗ್ಲೇ ನೀನು ಬಾಯ್ ಬಿಡ್ತೀಯ. ಬೆರಳು ಓಗ್ತದೆ!"

"ಬೆರಳಾ?"

ಅವನು ಎರಡೂ ಕೈ ಎತ್ತಿ ಹರಡಿದ. "ಇಪ್ಪತ್ತೆಂಟು ವರ್ಷ. ಎಣಿಸ್ಕೋ, ಹತ್ತೂ ಅವೆ. ಹೆಂಗೆ? ಅದು ಮ್ಯಾಕೆ ಓಯ್ತದಲ್ಲ, ಆ ಸಂದಿನಾಗೆ ಕೈ ಒಳಗೆ, ಪೀಸು ಮಡಗು, ಕೈ ಹೊರಗೆ. ಆಮ್ಯಾಕೆ ಧಡ್. ನಿನ್ ಪದಾನೂ ಅಂಗೇ ಓಗಿ ಅಂಗೇ ಬರ್ಬೇಕು. ಉದ್ದಕ್ಕೆ ಎಳೀಬ್ಯಾಡ. ಒಳಗೇ ನಿದ್ದೆ ಒಡುದ್ರೆ ಕತೆ ಮುಗೀತು."

ಅವಳು ಉದ್ದನೆಯ ಸಾಲನ್ನು ಮನಸ್ಸಿನಲ್ಲೇ ಮುರಿದಳು. ಎರಡು ಪದ, ನಿಲ್ಲು. ಮೂರು ಪದ, ನಿಲ್ಲು. ಧಡ್ ಬಿತ್ತು. ನುಗ್ಗಿದಳು, ಎರಡು ಪದ ಇಟ್ಟಳು, ಹೊರಬಂದಳು. ಧಡ್! ಮತ್ತೆ ನುಗ್ಗಿದಳು. ಪಿಸುಗುಟ್ಟಲು ಸಮಯವೇ ಇರಲಿಲ್ಲ. ಹೊಟ್ಟೆಯೊಳಗಿಂದ ಯಾವುದೋ ಒರಟು ದನಿ ಹಾರಿ ಬಂತು. ಇದು ತನ್ನದೇ? ಅಂಗೈ ಬೆವೆತಿತ್ತು, ನಗು ಉಕ್ಕುತ್ತಿತ್ತು, ನಕ್ಕರೆ ಬೆರಳು ಹೋಗುತ್ತದೆ! ದೇವರಾಜ್ ಕುರ್ಚಿಯಲ್ಲಿ ಕಾಲು ಕುಣಿಸುತ್ತಿದ್ದುದನ್ನೂ ಅವಳು ಕಂಡಳು.

ಮೂರು ಸಲ ಹಾಡಿದ ಮೇಲೆ ಹೊರಗೆ ಬಂದು ಚಿನ್ಮಯನಿಗೆ ಕಳಿಸಿದಳು. ಹತ್ತೇ ನಿಮಿಷ, ಫೋನು ಬಂತು.

"ಯಾರೇ ಇವ್ರೆಲ್ಲಾ?"

"ಯಾಕೆ, ಚೆನ್ನಾಗಿಲ್ವಾ?"

"ಚೆನ್ನಾಗಾ? ಮೂರ್ ಸಲ ಕೇಳ್ದೆ, ಕೂತ್ಕೊಳಕ್ಕೇ ಆಗ್ತಿಲ್ಲ ಮಗಾ! ಆದ್ರೆ ಇದನ್ನ ಲ್ಯಾಪ್‌ಟಾಪ್‌ನಿಂದ ಹಾಕಿದ್ರೆ ಸತ್ತೋಗುತ್ತೆ. ಅವ್ರೇ ಬರ್ಬೇಕು. ಕೇಳು ಹೋಗಿ."

ಕೇಳುವುದು! ಅಪರಿಚಿತರನ್ನು, ಅದೂ ಬಾಯಿಬಿಟ್ಟು. ಮೆಸೇಜು ಹಾಕೋಣವೆಂದರೆ ಗಂಗಪ್ಪನ ನಂಬರಿಲ್ಲ. ಒಳಗೆ ಅವರು ಚಪ್ಪಲಿ ಹುಡುಕುತ್ತಿದ್ದರು. ಇನ್ನೊಂದು ಗಳಿಗೆ ತಡೆದರೆ ಹೊರಟೇಬಿಡುತ್ತಾರೆ. ಅಚ್ಚು ಮೇಲೇರಿದೆ, ಈಗಲೇ ಸಂದು. ಒಳಗೆ ನುಗ್ಗಿದಳು.

"ಗಂಗಪ್ಪಣ್ಣಾ! ಭಾನುವಾರ ನನ್ ಜೊತೆ ಸ್ಟೇಜ್ ಮೇಲೆ ಬರ್ತೀರಾ? ನೀವು ಮೂರೂ ಜನ. ಕುಂದಲಹಳ್ಳೀಲಿ."

ದನಿ ತಗಡಿನ ಸೂರಿಗೆ ಬಡಿದು ಮರಳಿತು. ಎಲ್ಲರೂ ತಿರುಗಿ ನೋಡಿದರು.

"ಯಪ್ಪಾ, ಇಷ್ಟ್ ದೊಡ್ಡ ಗಂಟಲನ್ನ ಎಲ್ಲಿ ಮಡಗಿದ್ದಿಯವ್ವಾ?" ಎಂದ ಗಂಗಪ್ಪ.

"ಸೀರೆ ಯಾವುದು ಉಟ್ಕೊಳ್ಲಿ?" ಎಂದಳು ಯಮುನಕ್ಕ.

"ಈ ಬೆಕ್ಕೂ ಬತ್ತದಾ?" ಗಂಗಪ್ಪ ಶಶಿಕುಮಾರನತ್ತ ಗದ್ದ ತೋರಿಸಿದ.

"ಬರ್ಲೇಬೇಕು" ಎಂದಳು ಸಮನ್ವಿತಾ. "ಆದ್ರೆ ಶಶಿಕುಮಾರಣ್ಣ, ನೀವು ಎರಡನೇ ಚರಣದಲ್ಲಿ ಸ್ವಲ್ಪ ಮುಂಚೇನೇ ಕೂಗ್ತಿದ್ದೀರ. ಚಪ್ಪಲಿ ಬಿಡಿ, ಇನ್ನೊಂದ್ ಸಲ ಹಾಡಿಬಿಡೋಣ."