ಹಳ್ಳ ಬಂದ ದಿನದ ಗೂಡಿನ ದರ

ಸಂಖ್ಯಾಶಾಸ್ತ್ರ ಓದಿದ ಯಳಂದೂರಿನ ಚೆಲುವಮ್ಮ ಬೆಂಗಳೂರಿನ ಸಂಶೋಧನಾ ಸಂಸ್ಥೆಯೊಂದಕ್ಕೆ ಕೆಲಸಕ್ಕೆ ಸೇರಿದ್ದು ೧೯೭೪ರಲ್ಲಿ. ಕೊಳ್ಳೇಗಾಲದ ರೇಷ್ಮೆಗೂಡಿನ ಮಾರುಕಟ್ಟೆಯ ಹತ್ತು ವರ್ಷದ ದಿನದ ದರಗಳನ್ನು ಕಂಪ್ಯೂಟರಿಗೆ ಹಾಕುವ ಕೆಲಸ ಅವಳ ಪಾಲಿಗೆ ಬಂತು. ದರಗಳನ್ನು ಬರೆದು ತಂದು, ದಿನಕ್ಕೊಂದರಂತೆ ರಟ್ಟಿನ ಕಾರ್ಡುಗಳಲ್ಲಿ ಕಂಪ್ಯೂಟರ್ ಓದುವಂತೆ ತೂತು ಹಾಕಿಸಿದಳು. ತಪ್ಪು ಹಿಡಿಯಲು ತಾನೇ ಒಂದು ಪ್ರೋಗ್ರಾಮ್ ಬರೆದಳು: ದರ ಹಿಂದಿನ ದಿನಕ್ಕಿಂತ ಒಂದೂವರೆ ಪಟ್ಟು ಏರಿದ್ದರೆ ಆ ದಿನವನ್ನು ಅದು ಎತ್ತಿ ತೋರಿಸಬೇಕು.

ತೋರಿಸಿದ್ದರಲ್ಲಿ ಹೆಚ್ಚಿನವು ಅವಳದೇ ಕೈತಪ್ಪುಗಳು. ತಿದ್ದಿದಳು. ಒಂದು ದಿನ ಮಾತ್ರ ಉಳಿಯಿತು. ಮಾರುಕಟ್ಟೆಯ ಪುಸ್ತಕದಲ್ಲೂ ಅದೇ ದರವಿತ್ತು.

"ಗುಮಾಸ್ತ ತಪ್ಪು ಬರೆದಿರ್ತಾನಮ್ಮ, ತೆಗೆದುಬಿಡಿ," ಎಂದರು ಮೇಲಧಿಕಾರಿ ವೃಷಭೇಂದ್ರಪ್ಪ.

ಕಾರ್ಡು ತೆಗೆದಳು. ಮನಸ್ಸು ಒಪ್ಪಲಿಲ್ಲ. ರಜೆಗೆ ಊರಿಗೆ ಬಂದಾಗ ಕೊಳ್ಳೇಗಾಲಕ್ಕೆ ಹೋಗಿ, ಮಾರುಕಟ್ಟೆಯಲ್ಲಿ ಗೂಡು ತೂಗುವ ಮುತ್ತಯ್ಯನನ್ನು ವಿಚಾರಿಸಿದಳು.

"ಈ ಕಡೆ ಗೂಡಿನ ಬೆಳೆ ಮುಗ್ದೋಗಿತ್ತು ಕಣವ್ವ. ಅವತ್ತು ಹನೂರು ಕಡೆಯಿಂದ ಬಸ್ಸೂ ಬರ್ನಿಲ್ಲ. ಗೂಡು ತಂದೋಳು ಒಬ್ಳೇಯ, ಕೌದಳ್ಳಿ ಪುಟ್ಟಮಲ್ಲಮ್ಮ."

ಚೆಲುವಮ್ಮ ಕೌದಳ್ಳಿಯ ಬಸ್ಸು ಹತ್ತಿದಳು. ಪುಟ್ಟಮಲ್ಲಮ್ಮ ಹುಳುಗಳಿಗೆ ಸೊಪ್ಪು ಹಾಕುತ್ತಿದ್ದಳು.

"ದರ ಎಷ್ಟಿತ್ತೋ ಗೆಪ್ತಿ ಇಲ್ಲ ಮಗ. ಅಳ್ಳ ತುಂಬಿ ಅರೀತಿತ್ತು. ನಾಳೆ ಓಗವ ಅಂದ್ರೆ ಚಿಟ್ಟೆ ಗೂಡ ತೂತು ಮಾಡ್ಕಂಡು ಈಚೆಗ್ ಬಂದ್ಬುಡ್ತವೆ. ಯಜಮಾನ್ರು ಗೂಡಿನ ಮಂಕರಿ ತಲೆ ಮ್ಯಾಲೆ ಒತ್ಕಂಡ್ರು, ನಾನು ಅವ್ರ ಸೊಂಟ ಇಡ್ಕಂಡೆ. ಆಚೆ ದಡದಲ್ಲಿ ಲಾರಿ ಸಿಕ್ತು. ಮಾರ್ಕೆಟ್ಗೋದ್ರೆ ನೂಲು ತೆಗೆಯೋರೆಲ್ಲ ನಮ್ಮನ್ನೇ ಮುತ್ಕಂಡ್ರು. ನಂಗೆ ಎದರ್ಕೆ ಆಗಿ ಅತ್ಬುಟ್ಟೆ!" ಎಂದು ನಕ್ಕಳು.

ಅಷ್ಟನ್ನೂ ತಾನು ಒಂದು ಕಾರ್ಡು ಎತ್ತಿಟ್ಟು ಇಲ್ಲವಾಗಿಸಿದ್ದೆನಲ್ಲ ಎಂದು ಚೆಲುವಮ್ಮನಿಗೆ ಕಸಿವಿಸಿಯಾಯಿತು. ಬೆಂಗಳೂರಿಗೆ ಮರಳಿದವಳೇ ಅದನ್ನು ವಾಪಸು ಸೇರಿಸಿ, ವೃಷಭೇಂದ್ರಪ್ಪನವರಿಗೆ ನಡೆದದ್ದನ್ನು ಹೇಳಿದಳು.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ದರ ನಿಜವೇ ಇರಬಹುದು. ಆದ್ರೆ ಒಂದು ಬುಟ್ಟಿ ಗೂಡಿನ ದರವನ್ನ ಇಡೀ ಮಾರುಕಟ್ಟೆಯ ದರ ಅನ್ನೋಕಾಗುತ್ತೇನಮ್ಮ?"

ಚೆಲುವಮ್ಮ ಎರಡು ದಿನ ಯೋಚಿಸಿ ಬಂದು ಹೇಳಿದಳು: "ದಿನಾ ಎಷ್ಟು ಗೂಡು ಬಂತು ಅನ್ನೋದನ್ನೂ ಪಕ್ಕದಲ್ಲೇ ಹಾಕಬೇಕು ಸಾರ್."

"ಎಲ್ಲಾ ಕಾರ್ಡೂ ಹೊಸದಾಗಿ ಆಗಬೇಕಲ್ಲ?"

"ಹೌದು ಸಾರ್."

ಅವರು ಒಪ್ಪಿದರು. ಚೆಲುವಮ್ಮ ಮತ್ತೆ ಯಳಂದೂರಿಗೆ ಬಂದು, ಮಾರುಕಟ್ಟೆಯ ಪುಸ್ತಕದಿಂದ ಹತ್ತು ವರ್ಷದ ತೂಕಗಳನ್ನು ಬರೆದುಕೊಳ್ಳಲು ದಿನಾ ಬೆಳಗ್ಗೆ ಕೊಳ್ಳೇಗಾಲದ ಬಸ್ಸು ಹಿಡಿಯತೊಡಗಿದಳು.

"ಇನ್ನೂ ಮುಗೀನಿಲ್ವಾ ನಿನ್ ಕೆಲ್ಸ?" ಎಂದಳು ತಾಯಿ, ಬುತ್ತಿ ಕಟ್ಟಿಕೊಡುತ್ತ.

"ಈಗ ಸುರುವಾಗೈತೆ ಕಣವ್ವ," ಎಂದು ಚೆಲುವಮ್ಮ ಚಪ್ಪಲಿ ಮೆಟ್ಟಿದಳು.