ದೊರೆಗೆ ಅದೇ ಬೇಕು

ಮನೆಯಲ್ಲಿ ಅವನಿಗೆ ದೊರೆ ಎಂದು ಅಡ್ಡಹೆಸರು. ಮೂವತ್ತು ದಾಟಿದ ಗಂಡಸು, ತಲೆಯಲ್ಲಿ ಅಲ್ಲೊಂದು ಇಲ್ಲೊಂದು ಬಿಳಿಕೂದಲೂ ಬಂದಿದೆ. ದೊರೆತನ ಮಾತ್ರ ಅಂಬೆಗಾಲಿಡುವಾಗಿನದೇ. ತಿಳಿನೀಲಿ ಬಣ್ಣದ ತುಂಬುತೋಳಿನ ಅಂಗಿ, ಎಡಗಡೆ ಒಂದೇ ಜೇಬು. ಕಂದು ಬಣ್ಣದ ಲೇಸಿನ ಶೂ, ಮೂತಿ ದುಂಡಗೆ, ಮೇಲೆ ಒಂದೇ ಸಾಲು ಹೊಲಿಗೆ. ಇಷ್ಟಿದ್ದರೆ ದೊರೆ ಹೊಸ್ತಿಲು ದಾಟುತ್ತಾನೆ. ಜೇಬು ಎರಡಾದರೆ ಇಲ್ಲ, ಹೊಲಿಗೆ ಎರಡು ಸಾಲಾದರೂ ಇಲ್ಲ, ಜಪ್ಪಯ್ಯ ಅಂದರೂ ಇಲ್ಲ. ಹುಟ್ಟಿದಾಗಿನಿಂದ ಅವನ ಮನಸ್ಸು ಇರುವುದೇ ಹಾಗೆ. ಡಾಕ್ಟರು ಅದಕ್ಕೊಂದು ಉದ್ದನೆಯ ಹೆಸರು ಹೇಳಿದ್ದರು. ತಾಯಿ ಅದನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಿದ್ದಳು. ಹೆಸರು ಗೊತ್ತಾದರೆ ಮಗ ಬೇರೆ ಅಂಗಿ ತೊಟ್ಟುಕೊಳ್ಳುತ್ತಾನೆಯೇ?

ಇಂಥವನು ಒಂದು ಕೆಲಸ ಹಿಡಿದಿದ್ದ ಎನ್ನುವುದೇ ದೊಡ್ಡ ಮಾತು. ಎರಡು ಬೀದಿಯಾಚೆ ಪುಸ್ತಕ ಬೈಂಡಿಂಗ್ ಮಾಡುವ ಅಂಗಡಿ, ಅಲ್ಲಿ ಅಚ್ಚಾಗಿ ಬಂದ ಹಾಳೆಗಳನ್ನು ಮಡಿಸುವ ಕೆಲಸ. ಮಡಿಕೆ ಒಂದೆಳೆ ಆಚೀಚೆ ಆಗುವಂತಿಲ್ಲ. ಅಂಥ ಕೆಲಸ ದೊರೆಗೆ ಹೇಳಿ ಮಾಡಿಸಿದ್ದು. ಕಿಟಕಿಯ ಪಕ್ಕ ಅವನದೇ ಒಂದು ಮೇಜು, ಬೇರೆ ಯಾರೂ ಮುಟ್ಟಬಾರದ ಒಂದು ಲೋಟ. ತಾಯಿ ಇಷ್ಟು ವರ್ಷ ರಾತ್ರಿ ನೆಮ್ಮದಿಯಿಂದ ಕಣ್ಣು ಮುಚ್ಚುತ್ತಿದ್ದುದು ಆ ಮೇಜಿನ ದೆಸೆಯಿಂದ. ತಾನು ಹೋದ ಮೇಲೂ ಇವನಿಗೆ ಬೆಳಗಾದರೆ ಹೋಗಲು ಒಂದು ಜಾಗವಿರುತ್ತದಲ್ಲ ಎಂಬ ಧೈರ್ಯ.

ಮೊದಲು ಹೋದದ್ದು ಅವಳಲ್ಲ, ಅವಳ ಗಂಡ. ಮನೆಮನೆಗೆ ನಡೆದು ಕರೆಂಟಿನ ಮೀಟರ್ ಓದುವ ಕೆಲಸ ಅವನದು. ಬೀದಿಗೆಲ್ಲ ಮೀಟರಣ್ಣ. ಒಂದು ಬೆಳಿಗ್ಗೆ ಮುಖ ತೊಳೆದು ಬಂದು ಹಾಸಿಗೆಯ ಅಂಚಿನಲ್ಲಿ ಕೂತವನು ಹಾಗೇ ಪಕ್ಕಕ್ಕೆ ವಾಲಿದ. ಸುದ್ದಿ ತಿಳಿದು ಅವಳ ಅಕ್ಕ ಓಡಿ ಬಂದಳು. ಅಕ್ಕ ಗಟ್ಟಿಗಿತ್ತಿ. ಸತ್ತ ಮನೆಯಲ್ಲೂ ಹತ್ತು ಜನಕ್ಕೆ ಹತ್ತು ಕೆಲಸ ಹಚ್ಚಬಲ್ಲವಳು. ದೊರೆಯನ್ನು ಅವನ ಕೋಣೆಗೆ ಕಳಿಸಿ ಬಾಗಿಲು ಮುಂದೆ ಮಾಡಿ ಅವಳೇ ಹೇಳಿದಳು:

“ಅವನಿಗೆ ಏನೂ ಹೇಳ್ಬೇಡ ಕಣೆ. ತಡ್ಕೊಳ್ಳೋ ಜೀವ ಅಲ್ಲ ಅದು. ಕೆಲಸದ ಮೇಲೆ ಬೇರೆ ಊರಿಗೆ ಹೋಗಿದಾರೆ ಅಂತ ಹೇಳು. ಮುಂದಿಂದು ಮುಂದೆ ನೋಡೋಣ.”

ತಾಯಿ ಹಾಗೇ ಹೇಳಿದಳು. ದೊರೆ ಕೇಳಿಸಿಕೊಂಡ. ಅಳಲಿಲ್ಲ, ಕರೆಯಲಿಲ್ಲ, ಮರುಪ್ರಶ್ನೆ ಹಾಕಲಿಲ್ಲ. ನೋಡಿದೆಯಾ, ಎಷ್ಟು ಸಲೀಸಾಯ್ತು ಎಂದಳು ಅಕ್ಕ. ಊರಿಗೆ ಹೊರಡುವ ಮುಂಚೆ ಅವಳು ಇನ್ನೊಂದು ಉಪಕಾರ ಮಾಡಿದಳು. ಕಣ್ಣೆದುರಿಗಿದ್ದರೆ ಸಂಕಟ ಎಂದು ಮೀಟರಣ್ಣನ ಅಂಗಿ, ಪ್ಯಾಂಟು, ಶೂಗಳನ್ನೆಲ್ಲ ಗಂಟು ಕಟ್ಟಿ ಯಾರಿಗೋ ಕೊಟ್ಟುಬಿಟ್ಟಳು. ಒಳ್ಳೆಯ ಮನಸ್ಸಿನವರ ಕೈ ಎಷ್ಟು ಚುರುಕು!

ಆಮೇಲೆ ದೊರೆ ಕೆಲಸಕ್ಕೆ ಹೊರಡಲಿಲ್ಲ. ತಾಯಿ ನೋಡಿದರೆ ಅವನ ಬಲಗಾಲಿನ ಶೂ ಬಾಯಿ ಬಿಟ್ಟಿತ್ತು. ಓಹೋ ಇದಾ ಸಮಾಚಾರ ಎಂದು ರಿಪೇರಿಗೆ ಕೊಟ್ಟಳು. ರಿಪೇರಿಯವನು ಮುತುವರ್ಜಿಯಿಂದ ಇನ್ನೊಂದು ಸಾಲು ಹೊಲಿಗೆ ಹಾಕಿಕೊಟ್ಟ. ಕಥೆ ಮುಗಿಯಿತು. ದೊರೆ ಆ ಶೂವನ್ನು ಮತ್ತೆ ಕಣ್ಣೆತ್ತಿ ನೋಡಲಿಲ್ಲ.

ಬೈಂಡಿಂಗ್ ಅಂಗಡಿಯ ಯಜಮಾನ ಎರಡು ಸಲ ಹೇಳಿ ಕಳಿಸಿ, ಮೂರನೆಯ ಸಲ ತಾನೇ ಬಂದ. ಬಾಗಿಲಲ್ಲೇ ನಿಂತು ಕೈ ಕೈ ಹಿಸುಕಿಕೊಂಡ.

“ಬೇಜಾರು ಮಾಡ್ಕೋಬೇಡಿ ಅಮ್ಮಾ. ಶಾಲೆ ಪುಸ್ತಕದ ಕೆಲಸ ರಾಶಿ ಬಿದ್ದಿದೆ. ಈ ತಿಂಗಳು ಹೇಗೋ ತಳ್ತೀನಿ. ಆಮೇಲೆ ಆ ಮೇಜಿಗೆ ಬೇರೆಯವರನ್ನ ಕೂರಿಸಲೇಬೇಕು.”

ಅಂದಿನಿಂದ ತಾಯಿ ಕಾಲಿಗೆ ಚಕ್ರ ಕಟ್ಟಿಕೊಂಡು ತಿರುಗಿದಳು. ಅವಳ ಕೈಚೀಲದಲ್ಲಿ ಒಂದು ಹಳೆಯ ಅಂಗಿ, ಬಾಯಿಬಿಡದ ಎಡಗಾಲಿನ ಶೂ. ಇದರ ಹಾಗೇ ಬೇಕು ಎನ್ನುವುದು ಇಷ್ಟು ಕಷ್ಟದ ಮಾತು ಎಂದು ಅವಳಿಗೆ ಗೊತ್ತಿರಲಿಲ್ಲ, ಏಕೆಂದರೆ ಇದನ್ನೆಲ್ಲ ತರುತ್ತಿದ್ದವನು ಗಂಡ. ಅವನು ತರುತ್ತಿದ್ದ ಅಂಗಡಿ ಈಗ ಮೊಬೈಲ್ ಅಂಗಡಿಯಾಗಿತ್ತು. ಪೇಟೆಯಲ್ಲಿ ಶೂಗಳಿಗೇನು ಬರವೇ? ಮೂತಿ ಚೂಪಾದದ್ದು, ಚಪ್ಪಟೆಯಾದದ್ದು, ಅಡಿಯಲ್ಲಿ ದೀಪ ಉರಿಯುವಂಥದ್ದು. ಕಳೆದ ವರ್ಷದ್ದು ಈ ವರ್ಷ ಇಲ್ಲ, ಈ ವರ್ಷದ್ದು ಮುಂದಿನ ವರ್ಷ ಇರುವುದಿಲ್ಲ. ಚೆನ್ನಾಗಿರುವುದನ್ನು ಚೆನ್ನಾಗಿಯೇ ಇರಲು ಬಿಟ್ಟರೆ ಇವರ ಗಂಟೇನು ಹೋಗುತ್ತಿತ್ತೋ!

“ಮೇಡಂ, ಈಗ ಓಡ್ತಿರೋದು ಇದೇ ಮಾಡೆಲ್,” ಎಂದ ಒಬ್ಬ.

“ಓಡೋದು ಬೇಡಪ್ಪ, ನನ್ನ ಮಗ ನಡೆದ್ರೆ ಸಾಕು,” ಎಂದಳು ತಾಯಿ. ಅವನು ನಕ್ಕ. ಅವಳಿಗೆ ಮಾತ್ರ ಅಳು ಬಂದಿತ್ತು.

ಕೊನೆಗೆ ಸಿಕ್ಕಿದ್ದು ರೈಲು ಹಳಿಯ ಪಕ್ಕದ ಒಂದು ಕತ್ತಲೆ ಗೋದಾಮಿನಲ್ಲಿ. ಕಾವಲುಗಾರರು, ಲಿಫ್ಟ್ ನಡೆಸುವವರು, ಆಸ್ಪತ್ರೆಯ ವಾರ್ಡಿನವರು, ಇಂಥವರಿಗೆಲ್ಲ ಯೂನಿಫಾರ್ಮ್ ಒದಗಿಸುವ ಅಂಗಡಿ. ಮುದುಕನೊಬ್ಬ ಶೂವನ್ನು ತಿರುಗಿಸಿ ನೋಡಿ, ಏಣಿ ಹತ್ತಿ, ಧೂಳು ಹಿಡಿದ ಡಬ್ಬ ಇಳಿಸಿದ. ದುಂಡು ಮೂತಿ. ಒಂದೇ ಸಾಲು ಹೊಲಿಗೆ. ಇನ್ನೊಂದು ಕಪಾಟಿನಿಂದ ತಿಳಿನೀಲಿ ಅಂಗಿ, ಒಂದೇ ಜೇಬು.

“ಮುಂದಿನ ವರ್ಷವೂ ಇದು ಸಿಗತ್ತಾ?” ತಾಯಿ ಕೇಳಿದಳು.

“ನಾನಿರ್ತೀನೋ ಇಲ್ವೋ, ಇದಿರತ್ತೆ ತಾಯಿ. ಯೂನಿಫಾರ್ಮ್ ನೋಡಿ, ಗುಂಡಿ ಬದಲಾದ್ರೂ ಆಫೀಸಿನವರು ವಾಪಸ್ ಕಳಿಸ್ತಾರೆ.”

ಅವಳು ಆ ಡಬ್ಬಗಳನ್ನು ಎದೆಗವಚಿಕೊಂಡು ಮನೆಗೆ ಬಂದಳು. ಹಾದಿಯುದ್ದಕ್ಕೂ ಗಂಡನಿಗೆ ಮನಸ್ಸಿನಲ್ಲೇ ವರದಿ ಒಪ್ಪಿಸಿದಳು: ನೋಡಿ, ನೀವಿಲ್ಲದೆಯೂ ಹುಡುಕಿದೆ.

ದೊರೆ ಶೂವನ್ನು ತೊಡೆಯ ಮೇಲಿಟ್ಟುಕೊಂಡ. ಹೊಲಿಗೆಯ ಮೇಲೆ ಹೆಬ್ಬೆರಳು ಎಳೆದ. ಮೂಗಿಗೆ ಹಿಡಿದ. ಆಮೇಲೆ ಡಬ್ಬಕ್ಕೆ ವಾಪಸ್ಸು ಹಾಕಿ ಮುಚ್ಚಳ ಮುಚ್ಚಿದ.

“ಇದು ಗಟ್ಟಿ,” ಎಂದ. ಅಂಗಿಗೂ ಅದೇ ತೀರ್ಪು. ಎದ್ದು ಕೋಣೆಗೆ ಹೋದ.

ತಾಯಿ ಡಬ್ಬ ತೆರೆದು ತಾನೂ ಶೂವನ್ನು ಒತ್ತಿ ನೋಡಿದಳು. ಆಗ ಅವಳಿಗೆ ಹೊಳೆಯಿತು. ಮಗನಿಗೆ ತಂದ ಹೊಸ ಜೊತೆಯನ್ನು ಮೊದಲು ಮೆಟ್ಟುತ್ತಿದ್ದವನು ಗಂಡ. ಇಬ್ಬರದೂ ಒಂದೇ ಅಳತೆಯ ಪಾದ. ಬಿಸಿಲು ಧೂಳಿನಲ್ಲಿ ಮನೆಮನೆ ತಿರುಗಿ, ಶೂ ಮೆತ್ತಗಾದ ಮೇಲೆ ಅದನ್ನು ಮಗನ ಕಾಲಿನ ಬಳಿ ಇಡುತ್ತಿದ್ದ. ಅಂಗಿಯೂ ಹಾಗೇ, ಆರೆಂಟು ಸಲ ತೊಟ್ಟು ಒಗೆದ ಮೇಲೆ. ಅಪ್ಪ ಮಗ ಒಂದೇ ಥಾನಿನ ಬಟ್ಟೆಯಲ್ಲಿ ತಿರುಗುವುದನ್ನು ಕಂಡು ಅವಳು, ಮಗನ ಹೊಸ ಅಂಗಿಯ ಮೇಲೆ ನಿಮಗ್ಯಾಕ್ರೀ ಅಷ್ಟು ಆಸೆ ಎಂದು ಅಣಕಿಸಿದ್ದೂ ಉಂಟು. ಅವನು ಹಲ್ಲು ಕಿರಿಯುತ್ತಿದ್ದ, ಅಷ್ಟೇ. ಹೀಗೆ ಪಳಗಿಸುತ್ತಿದ್ದ ಜೊತೆಯೂ ಅಕ್ಕ ಕಟ್ಟಿದ ಗಂಟಿನಲ್ಲಿ ಹೋಗಿತ್ತು. ಬದುಕಿದ್ದಾಗ ಒಂದು ಒಳ್ಳೆಯ ಮಾತು ಆಡಲಿಲ್ಲವಲ್ಲ ಎಂದು ಅವಳು ತನ್ನನ್ನೇ ಬೈದುಕೊಂಡಳು.

ಇನ್ನು ಯಾರಿದ್ದಾರೆ ಮೆಟ್ಟಲು? ಅವಳು ಸೀರೆಯ ಮೇಲೆಯೇ ಆ ನೀಲಿ ಅಂಗಿ ತೊಟ್ಟಳು. ಮಗುವಿನ ಪಾದದಂಥ ತನ್ನ ಪುಟ್ಟ ಪಾದಗಳಿಗೆ ಹಳೆಯ ಬಟ್ಟೆ ಸುತ್ತಿ, ಶೂಗಳೊಳಗೆ ತೂರಿಸಿ, ಲೇಸು ಬಿಗಿದಳು. ಬೀದಿಗೆ ಹೋದರೆ ಜನ ಹುಚ್ಚು ಹಿಡಿಯಿತು ಅನ್ನುತ್ತಾರೆ. ಹಾಗಾಗಿ ಬಾಗಿಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಬಾಗಿಲಿಗೆ ನಡೆದಳು. ಟಪ್, ಟಪ್ ಎಂದು ಭಾರವಾದ ಸದ್ದು. ಹೊತ್ತು ಸಂಜೆಯಾಗಿತ್ತು.

ಕೋಣೆಯ ಬಾಗಿಲು ದಡಾರನೆ ತೆರೆಯಿತು.

“ಎಷ್ಟು ಮನೆ ಅಪ್ಪಾ?”

ದಿನಾ ಸಂಜೆ ಕೆಲಸದಿಂದ ಬಂದ ಅಪ್ಪನ ಶೂ ಸದ್ದು ಕೇಳಿದೊಡನೆ ಅವನ ಬಾಯಿಂದ ತಾನಾಗಿ ಬರುತ್ತಿದ್ದ ಒಂದೇ ಪ್ರಶ್ನೆ ಅದು. ನಡುಮನೆಯಲ್ಲಿ ಗಂಡನ ನಡಿಗೆ ಕದ್ದವಳ ಹಾಗೆ ತಾಯಿ ನಿಂತಿದ್ದಳು. ದೊರೆಯ ಕಣ್ಣು ಶೂಗಳಿಂದ ಅಂಗಿಗೆ, ಅಂಗಿಯಿಂದ ಅವಳ ಮುಖಕ್ಕೆ ಏರಿತು. ಈಗ ಕೂಗಾಡುತ್ತಾನೆ, ತಲೆ ಗೋಡೆಗೆ ಚಚ್ಚಿಕೊಳ್ಳುತ್ತಾನೆ ಎಂದುಕೊಂಡಳು. ಇನ್ನು ಮುಚ್ಚಿಡುವುದು ಅವಳಿಂದಾಗಲಿಲ್ಲ.

“ನಾನು ಕಣಪ್ಪ. ಅಪ್ಪ ಯಾವ ಊರಿಗೂ ಹೋಗಿಲ್ಲ. ಅಪ್ಪ ಇನ್ನು ಬರಲ್ಲ ಕಂದಾ.”

“ಗೊತ್ತು,” ಎಂದ ದೊರೆ.

“ಯಾರು ಹೇಳಿದ್ರು?”

“ಕಿಟಕಿಯಿಂದ ನೋಡಿದೆ. ಬರಿಗಾಲಲ್ಲಿ ಎತ್ಕೊಂಡು ಹೋದ್ರು. ಅಪ್ಪ ಬರಿಗಾಲಲ್ಲಿ ಕೆಲಸಕ್ಕೆ ಹೋಗಲ್ಲ.” ಮತ್ತೆ ಶೂಗಳನ್ನೇ ನೋಡುತ್ತಾ ಹೇಳಿದ: “ನೀನು ಊರಿಗೆ ಅಂದೆ. ನಿಂಗೆ ಗೊತ್ತಿಲ್ಲ ಅನ್ಕೊಂಡೆ.”

ಇಷ್ಟು ದಿನ ಒಂದೇ ಗೋಡೆಯ ಆಚೆ ಈಚೆ ಇಬ್ಬರೂ ಒಬ್ಬರಿಂದೊಬ್ಬರು ಅದೇ ಸಾವನ್ನು ಬಚ್ಚಿಟ್ಟುಕೊಂಡು ಕೂತಿದ್ದರು. ಅವನು ಮನೆ ಬಿಟ್ಟು ಕದಲದೆ ಇದ್ದದ್ದು ಶೂ ಹರಿದದ್ದಕ್ಕೋ, ಏನೂ ತಿಳಿಯದ ಅಮ್ಮನನ್ನು ಒಂಟಿಯಾಗಿ ಬಿಡಬಾರದೆಂದೋ, ಅವಳಿಗೆ ಕೇಳುವ ಧೈರ್ಯವಾಗಲಿಲ್ಲ. ಗಂಡ ಸತ್ತ ದಿನವೂ ಬಾಯಿಗೆ ಸೆರಗು ಒತ್ತಿಕೊಂಡಿದ್ದವಳು ಈಗ ನಿಂತಲ್ಲೇ ಗೊಳೋ ಎಂದು ಅತ್ತುಬಿಟ್ಟಳು. ಬಗ್ಗಿ ಲೇಸು ಬಿಚ್ಚಲು ಕೈ ಹಾಕಿದಳು.

“ಬಿಚ್ಚಬೇಡ,” ಎಂದ ದೊರೆ. “ಇನ್ನೂ ಗಟ್ಟಿ ಇದೆ. ನಡಿ ಅಮ್ಮಾ.”

ಅವಳ ಕಣ್ಣೀರು ಒರೆಸಲು ಅವನು ಬರಲಿಲ್ಲ. ಅದು ಅವನಿಗೆ ಬಾರದು. ನಡುಮನೆಯ ಮಧ್ಯೆ ಇದ್ದ ಕುರ್ಚಿಯನ್ನು ಎತ್ತಿ ಗೋಡೆಗೆ ಸರಿಸಿ, ಅವಳು ಅಳುತ್ತಾ ನಡೆಯುವುದಕ್ಕೆ ದಾರಿ ಮಾಡಿಕೊಟ್ಟ.