ಎಲಾದಿಯೊನ ಹೆಂಡತಿ

ಎಡಗಾಲಿನ ಬೂಟು ಹತ್ತುತ್ತಲೇ ಇರಲಿಲ್ಲ. ರೆಮೆದಿಯೋಸ್ ಮಂಚದ ತುದಿಯಲ್ಲಿ ಮೊಣಕಾಲೂರಿ, ಹಿಮ್ಮಡಿಯ ಕೆಳಗೆ ಚಮಚದ ಹಿಡಿ ತೂರಿಸಿ ಮತ್ತೊಮ್ಮೆ ಒತ್ತಿದಳು. ಬದುಕಿದ್ದಾಗ ಎಲಾದಿಯೊ ಬೂಟು ಹಾಕಿಕೊಳ್ಳುವಾಗಲೆಲ್ಲ ಗೊಣಗುತ್ತಿದ್ದ. ಈಗ ಆ ಗೊಣಗಾಟವೂ ಇಲ್ಲದೆ ಕೋಣೆ ಬಿಕೋ ಎನ್ನುತ್ತಿತ್ತು.

"ಬಿಡೇ, ಪೆಟ್ಟಿಗೆ ಮುಚ್ಚಿದ್ಮೇಲೆ ಕಾಲು ಯಾರು ನೋಡ್ತಾರೆ?" ಎಂದಳು ಪಕ್ಕದ ಮನೆಯ ಕಸಿಲ್ದಾ.

"ಬರಿಗಾಲಲ್ಲಿ ಕಳ್ಸಿದ್ರೆ ನನ್ನನ್ನೇ ಬೈತಾನೆ."

ಕಸಿಲ್ದಾ ದನಿ ತಗ್ಗಿಸಿದಳು. "ಪಾದ್ರಿಗಳು ಸರಗೋಸಾಕ್ಕೆ ಫೋನ್ ಮಾಡಿಸಿದ್ರಂತೆ. ಅವನ ಮೊದಲ್ನೆಯವಳು ಬರ್ತಾಳಂತೆ, ಬೆಳಗಿನ ಬಸ್ಸಿಗೆ. ಚರ್ಚಲ್ಲಿ ಮುಂದಿನ ಬೆಂಚು ಹೆಂಡ್ತಿಗೆ ಅಂತ..."

"ನಾನೆಲ್ಲಿ ಕೂತ್ಕೋಬೇಕಂತೆ?"

"ಅದನ್ನ ಹೇಳ್ಲಿಲ್ಲ ಕಣೇ."

ಬೂಟು ಒಮ್ಮೆಗೇ ಒಳಹೋಯಿತು.

*

ರಾಜ ದೇಶ ಬಿಟ್ಟು ಹೋಗಿ ಗಣರಾಜ್ಯ ಬಂದ ಮರುವರ್ಷ ವಿಚ್ಛೇದನದ ಕಾನೂನು ಬಂತು. ಕ್ಷೌರಿಕ ಎಲಾದಿಯೊ, ಅವನ ಹೆಂಡತಿ ವಿಸಿತಸಿಯೋನ್ ಇಬ್ಬರೂ ಜಗಳವಿಲ್ಲದೆ ಬೇರೆಯಾದರು. ಅವಳು ಸರಗೋಸಾ ನಗರಕ್ಕೆ ಹೋದಳು. ಆಮೇಲೆ ಅವನು ಪುರಸಭೆಯಲ್ಲಿ ನ್ಯಾಯಾಧೀಶರ ಮುಂದೆ ರೆಮೆದಿಯೋಸಳನ್ನು ಮದುವೆಯಾದ. ಹೊರಗೆ ಬ್ಯಾಂಡಿನವರು ಗಣರಾಜ್ಯದ ಗೀತೆ ನುಡಿಸಿದರು. ಕ್ಲಾರಿನೆಟ್ಟಿನವನು ಕುಡಿದಿದ್ದ. ನಕ್ಕೂ ನಕ್ಕೂ ಮದುಮಗಳ ಕಣ್ಣಲ್ಲಿ ನೀರು ಬಂದಿತ್ತು.

ಅಂತರ್ಯುದ್ಧದಲ್ಲಿ ಗಣರಾಜ್ಯ ಸೋತು, ಗೆದ್ದ ಜನರಲ್‌ನ ಆಳ್ವಿಕೆ ಶುರುವಾದಾಗ ಪುರಸಭೆಯ ಹೊಸ ಗುಮಾಸ್ತ ಇಬ್ಬರನ್ನೂ ಕರೆಸಿದ.

"ಆ ಕಾಲದ ವಿಚ್ಛೇದನ ಯಾವುದೂ ನಡೆಯಲ್ಲ. ನಿನ್ನ ಹೆಂಡ್ತಿ ಸರಗೋಸಾದಲ್ಲಿದಾಳೆ."

"ಹಾಗಾದ್ರೆ ಇವಳು ಯಾರು ಸ್ವಾಮಿ?" ಎಂದ ಎಲಾದಿಯೊ.

"ಅದನ್ನೇ ನಾನೂ ಕೇಳ್ತಿರೋದು. ಏನಂತ ಬರ್ಕೊಳ್ಲಿ?"

ಗುಮಾಸ್ತ ತಾನೇ ಬರೆದುಕೊಂಡ: ಮನೆಗೆಲಸದವಳು.

ಅಂದು ಸಂಜೆ ಎಲಾದಿಯೊ ಅಂಗಿಯ ತೋಳು ಮಡಚಿ ಪಾತ್ರೆ ತೊಳೆಯಲು ನಿಂತ. "ಕೆಲಸದವಳಿಗೆ ಇವತ್ತು ರಜೆ" ಎಂದ. ಅವಳು ನಕ್ಕಳು. ಮರುದಿನ ನಲ್ಲಿಯ ಬಳಿ ಹೆಂಗಸರು ಅವಳನ್ನು ಕಂಡು ಮಾತು ನಿಲ್ಲಿಸಿದರು. ಆ ತಮಾಷೆಯನ್ನು ಮನೆಯಲ್ಲಿ ಯಾರೂ ಇನ್ನೊಮ್ಮೆ ಆಡಲಿಲ್ಲ.

ಊರಿನ ಗಂಡಸರೆಲ್ಲ ಎಲಾದಿಯೊನ ಕುರ್ಚಿಯಲ್ಲಿ ಕೂತು ಗಡ್ಡ ಹೆರೆಸಿಕೊಂಡರು. ಅವರ ಹೆಂಡತಿಯರು ಮಾತ್ರ ರೆಮೆದಿಯೋಸಳ ಹೊಸಿಲು ತುಳಿಯಲಿಲ್ಲ. ಬಂದವಳು ಕಸಿಲ್ದಾ ಒಬ್ಬಳೇ, ಅದೂ ಎಷ್ಟೋ ವರ್ಷಗಳ ಮೇಲೆ.

ಜನರಲ್ ಸತ್ತು ಮತ್ತೆ ರಾಜ ಬಂದ. ವಿಚ್ಛೇದನದ ಕಾನೂನೂ ಮತ್ತೆ ಬರುತ್ತದೆಂದು ರೇಡಿಯೊ ಹೇಳುತ್ತಿತ್ತು. "ಬರ್ಲಿ, ಬಂದ ದಿನವೇ ನ್ಯಾಯಾಧೀಶರ ಮುಂದೆ ಹೋಗಿ ನಿಂತ್ಕೊಳ್ಳೋಣ" ಎನ್ನುತ್ತಿದ್ದ ಮುದುಕ ಎಲಾದಿಯೊ. ಕಾನೂನಿಗಿಂತ ಮೊದಲು ಪಾರ್ಶ್ವವಾಯು ಬಂತು.

*

ಪೂಜೆ ಮುಗಿಯುವವರೆಗೂ ರೆಮೆದಿಯೋಸ್ ಕಂಬದ ಹಿಂದೆ ಕೂತಿದ್ದಳು. ಆಮೇಲೆ ಪಾದ್ರಿಗಳು ಪದ್ಧತಿಯಂತೆ ಸತ್ತವನ ಹೆಂಡತಿಯನ್ನು ಚರ್ಚಿನ ಬಾಗಿಲಲ್ಲಿ ನಿಲ್ಲಿಸಿದರು. ಜನ ಸಾಲಾಗಿ ಬಂದು ವಿಸಿತಸಿಯೋನಳ ಕೈ ಹಿಡಿದು ಸಮಾಧಾನ ಹೇಳತೊಡಗಿದರು. ನಾಲ್ಕು ಹೆಜ್ಜೆ ಆಚೆ ಗೋಡೆಗೊರಗಿ ನಿಂತ ರೆಮೆದಿಯೋಸಳನ್ನು ದಾಟುವಾಗ ಅವರ ಕಣ್ಣು ಮೆಟ್ಟಿಲುಗಳ ಮೇಲಿರುತ್ತಿತ್ತು.

ಕುಳ್ಳಗೆ ಬಾಗಿದ ಮುದುಕಿ ವಿಸಿತಸಿಯೋನ್ ಸಾಲು ನಿಲ್ಲಿಸಿ ಗೋಡೆಯ ಕಡೆ ತಿರುಗಿದಳು.

"ನೀನೇನಾ ರೆಮೆದಿಯೋಸ್?"

"ಹೌದು."

"ತುಂಬಾ ನರಳಿದ್ನಾ?"

"ಇಲ್ಲ. ಮಾತು ಹೋಗಿತ್ತು. ನನ್ನ ತೋಳು ಹಿಡ್ಕೊಂಡೇ ಇದ್ದ."

ವಿಸಿತಸಿಯೋನ್ ತಲೆಯಾಡಿಸಿದಳು. "ಅವನ ಮುಖ ನೋಡಿದ್ರೂ ನನಗೆ ಗುರ್ತು ಸಿಗ್ತಿರ್ಲಿಲ್ಲ. ಸರಗೋಸಾದಲ್ಲಿ ಒಬ್ಬ ಟ್ರಾಮ್ ಓಡಿಸ್ತಿದ್ದ. ಒಳ್ಳೆಯವನು. ಗಂಡ ಇರೋಳನ್ನ ಹೆಂಗೆ ಕಟ್ಕೊಳ್ಲಿ ಅಂತ ಕಾದೂ ಕಾದೂ ಬೇರೆಯವಳನ್ನ ಮದುವೆ ಆದ. ನನಗೆ ಕಾಗದದ ಮೇಲೆ ಒಬ್ಬ ಗಂಡ ಉಳ್ಕೊಂಡ, ಅಷ್ಟೇ."

ನಲವತ್ತು ವರ್ಷ ರೆಮೆದಿಯೋಸ್ ಮನಸ್ಸಲ್ಲೇ ಜಗಳವಾಡಿದ್ದು ಈ ಹೆಂಗಸಿನ ಜೊತೆ.

ವಿಸಿತಸಿಯೋನ್ ಗೋಡೆ ಹಿಡಿದು ಮೆಟ್ಟಿಲಿಳಿಯತೊಡಗಿದಳು.

"ಅಮ್ಮಾ, ನಿಮ್ಮ ಜಾಗ ಇಲ್ಲಿ" ಎಂದರು ಪಾದ್ರಿಗಳು.

"ನನ್ನ ಜಾಗ ನನಗೆ ಗೊತ್ತು ಫಾದರ್."

ಅವಳು ಚೌಕದವರೆಗೂ ನಡೆದು ಸಾಲಿನ ಕೊನೆಯವನ ಹಿಂದೆ ನಿಂತಳು. ಎಲ್ಲರಿಗಿಂತ ಮುಂದಿದ್ದ ಬೇಕರಿಯವನು ಟೋಪಿ ಕೈಯಲ್ಲಿ ಹಿಡಿದು ಖಾಲಿ ಬಾಗಿಲನ್ನು ನೋಡಿದ, ಪಾದ್ರಿಗಳನ್ನು ನೋಡಿದ, ಕೊನೆಗೆ ಗೋಡೆಯ ಬಳಿಯ ರೆಮೆದಿಯೋಸಳ ಕಡೆ ಒಂದು ಹೆಜ್ಜೆ ಇಟ್ಟ. ಅತ್ತ ಸಾಲಿನ ತುದಿಯಲ್ಲಿ ವಿಸಿತಸಿಯೋನ್ ತನ್ನ ಬಲಗೈಯ ಕರಿ ಗವುಸನ್ನು ಒಂದೊಂದೇ ಬೆರಳಿನಿಂದ ಬಿಡಿಸಿಕೊಳ್ಳುತ್ತಿದ್ದಳು.